ಕೀರ್ತಿಯೂ ಕುತೂಹಲವೂ

ಮನುಷ್ಯನ ಆಯುಷ್ಯಕ್ಕೂ ಅವನ ಕೀರ್ತಿಯ ಆಯುಷ್ಯಕ್ಕೂ ಅಳತೆ ಒಂದೇ ಅಲ್ಲ. ಕೆಲವರಿಗೆ ಕೀರ್ತಿ ಬಾಳಿನ ಸಂಜೆಯಲ್ಲಿ ಬರುತ್ತದೆ; ಕೆಲವರಿಗೆ ಸತ್ತ ಮೇಲೆ ಬರುತ್ತದೆ. ಇನ್ನು ಕೆಲವರಿಗೆ ಅದು ಹರೆಯದಲ್ಲಿಯೇ ತುಂಬಿದ ಹೊಳೆಯಂತೆ ನುಗ್ಗಿಬಂದು, ವಯಸ್ಸು ಮೂವತ್ತು ಮುಟ್ಟುವ ಮೊದಲೇ ಇಳಿದುಹೋಗುತ್ತದೆ. ಹಾಗೆ ಇಳಿದ ಮೇಲೂ ಅವರು ನಾಲ್ಕೈದು ದಶಕ ಬಾಳಬೇಕು. ಹೊಸ ಕೆಲಸಗಳನ್ನು ಮಾಡಬೇಕು. ಹೊಸ ಮನುಷ್ಯರಾಗಿ ಬೆಳೆಯಬೇಕು. ಆದರೆ ಅವರನ್ನು ಕಂಡವರೆಲ್ಲ ಹಳೆಯ ಹೊಳೆಯ ಮಾತನ್ನೇ ಎತ್ತುತ್ತಾರೆ. ‘ಆ ದಿನಗಳು ಹೇಗಿದ್ದವು?’ ಎಂದು ಕೇಳುತ್ತಾರೆ.

ಈ ಇಕ್ಕಟ್ಟು ಎಲ್ಲ ಕಲಾವಿದರಿಗೂ ಉಂಟು. ಆದರೂ ವಾದ್ಯತಂಡವೊಂದರಲ್ಲಿ ಕೂಡಿ ಹಾಡಿ, ಬಳಿಕ ಚದುರಿಹೋದವರ ಪಾಡು ಒಂದು ವಿಧದಲ್ಲಿ ಬೇರೆಯೇ. ಅವರ ಕೀರ್ತಿ ಎಲ್ಲರೂ ಕೂಡಿ ಗಳಿಸಿದುದು. ಆ ಬಳಿಕದ ಬದುಕು ಒಬ್ಬೊಬ್ಬರದೂ ಪ್ರತ್ಯೇಕ. ಆದಕಾರಣ ಹಳೆಯ ಕೀರ್ತಿಯನ್ನು ಕುರಿತ ಪ್ರಶ್ನೆ ಬಂದಾಗ, ತಾನೊಬ್ಬನೇ ಉತ್ತರಿಸಲಾಗದ ಪ್ರಶ್ನೆಗೆ ಒಬ್ಬನೇ ಉತ್ತರ ಕೊಡಬೇಕಾದ ಸ್ಥಿತಿ ಅವನದಾಗುತ್ತದೆ. ಅಂಥ ಪ್ರಶ್ನೆಗಳನ್ನು ಆತ ಸ್ವಾಗತಿಸಬೇಕೆ? ಅಥವಾ ‘ಅದು ಮುಗಿದ ಕಥೆ’ ಎಂದು ಬಾಗಿಲು ಮುಚ್ಚಿಕೊಳ್ಳುವ ಹಕ್ಕು ಆತನಿಗೆ ಇದೆಯೆ? ಇದನ್ನು ವಿವೇಚಿಸಲು ‘ಬೀಟಲ್ಸ್’ ಎಂಬ ಇಂಗ್ಲಿಷ್ ವಾದ್ಯತಂಡದ ಇತಿಹಾಸಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಮರ್ಸಿ ನದಿಯ ದಡದಲ್ಲಿರುವ ಬಂದರು ಪಟ್ಟಣ ಲಿವರ್‌ಪೂಲ್. 1957ರ ಜುಲೈ 6ರಂದು ಆ ಊರಿನ ಚರ್ಚೊಂದರ ಉತ್ಸವದಲ್ಲಿ ಹಾಡುತ್ತಿದ್ದ ಜಾನ್ ಲೆನನ್ ಎಂಬ ಹದಿನಾರರ ಹುಡುಗನಿಗೆ ಪಾಲ್ ಮೆಕಾರ್ಟ್ನಿ ಎಂಬ ಹದಿನೈದರ ಹುಡುಗನ ಪರಿಚಯವಾಯಿತು. ಕೆಲವು ತಿಂಗಳುಗಳ ಬಳಿಕ ಇನ್ನೂ ಚಿಕ್ಕವನಾದ ಜಾರ್ಜ್ ಹ್ಯಾರಿಸನ್ ಅವರನ್ನು ಕೂಡಿಕೊಂಡ. ಜರ್ಮನಿಯ ಹ್ಯಾಂಬರ್ಗ್ ನಗರದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಹಾಡಿ ಅವರ ಕಂಠ ಪಳಗಿತು, ಕೈ ಕುದುರಿತು. 1962ರ ಆಗಸ್ಟಿನಲ್ಲಿ ರಿಂಗೊ ಸ್ಟಾರ್ ಡ್ರಮ್ ಬಾರಿಸಲು ಬಂದ ಮೇಲೆ ಜಗತ್ತು ಅರಿತ ನಾಲ್ವರ ತಂಡ ಪೂರ್ಣವಾಯಿತು. ಮುಂದಿನ ಏರಿಕೆ ಬೆರಗುಗೊಳಿಸುವಂಥದು. 1964ರ ಫೆಬ್ರವರಿ 9ರ ರಾತ್ರಿ ಅವರು ಅಮೆರಿಕದ ದೂರದರ್ಶನದಲ್ಲಿ ಹಾಡಿದಾಗ ನೋಡಿದವರ ಸಂಖ್ಯೆ ಸುಮಾರು 7 ಕೋಟಿ 30 ಲಕ್ಷ. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಅವರನ್ನು ನೋಡಲು ನೆರೆದವರು 55 ಸಾವಿರಕ್ಕೂ ಹೆಚ್ಚು. ಆ ಜನರ ಕೂಗಿನಲ್ಲಿ ಹಾಡುವವರಿಗೆ ತಮ್ಮ ಹಾಡೇ ಕೇಳಿಸುತ್ತಿರಲಿಲ್ಲ. ಹಾಡನ್ನು ಕೇಳಲು ಬಂದವರೇ ಹಾಡನ್ನು ಮುಳುಗಿಸುವ ಈ ವಿಪರ್ಯಾಸಕ್ಕೆ ಬೇಸತ್ತು, 1966ರ ಆಗಸ್ಟಿನಲ್ಲಿ ಅವರು ಊರೂರು ತಿರುಗಿ ಕಚೇರಿ ನಡೆಸುವುದನ್ನೇ ನಿಲ್ಲಿಸಿದರು. ಧ್ವನಿಮುದ್ರಣ ಮಂದಿರದಲ್ಲಿ ಕುಳಿತು ಹೊಸ ಹೊಸ ಪ್ರಯೋಗಗಳಲ್ಲಿ ತೊಡಗಿದರು.

1970ರ ಏಪ್ರಿಲಿನಲ್ಲಿ ತಂಡ ಒಡೆದ ಸುದ್ದಿ ಲೋಕಕ್ಕೆ ತಿಳಿಯಿತು. ಆಗ ಲೆನನ್ನರಿಗೂ ಸ್ಟಾರ್ ಅವರಿಗೂ ಇಪ್ಪತ್ತೊಂಬತ್ತು ವರ್ಷ. ಮೆಕಾರ್ಟ್ನಿಯವರಿಗೂ ಹ್ಯಾರಿಸನ್ನರಿಗೂ ಇಪ್ಪತ್ತೇಳು. ನಾಲ್ವರಲ್ಲಿ ಒಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಅದೇ ವರ್ಷದ ಕೊನೆಯ ದಿನ ಪಾಲುದಾರಿಕೆಯನ್ನು ಮುರಿಯಲು ಲಂಡನ್ನಿನ ನ್ಯಾಯಾಲಯದಲ್ಲಿ ದಾವೆಯೂ ಹೂಡಲ್ಪಟ್ಟಿತು. ಕಾನೂನಿನ ಗಂಟನ್ನು ನ್ಯಾಯಾಲಯ ಬಿಡಿಸಬಲ್ಲುದು. ಅಭಿಮಾನಿಗಳ ಮನಸ್ಸಿನಲ್ಲಿ ಬಿದ್ದ ಗಂಟನ್ನು ಬಿಡಿಸುವ ನ್ಯಾಯಾಲಯವೆಲ್ಲಿ? ‘ನೀವು ನಾಲ್ವರೂ ಮತ್ತೆ ಒಂದಾಗುವುದು ಎಂದು?’ ಎಂಬ ಪ್ರಶ್ನೆ ಅಂದಿನಿಂದ ಆರಂಭವಾಗಿ ಹತ್ತು ವರ್ಷಗಳ ಕಾಲ ಅವರು ಹೋದಲ್ಲೆಲ್ಲ ಅವರನ್ನು ಹಿಂಬಾಲಿಸಿತು.

ಈ ಪ್ರಶ್ನೆಯನ್ನು ನಾಲ್ವರೂ ಎದುರಿಸಿದ ಬಗೆ ಒಂದೇ ಆಗಿರಲಿಲ್ಲ. ಹ್ಯಾರಿಸನ್ನರು ಭಾರತೀಯ ಸಂಗೀತಕ್ಕೆ ಮನಸೋತವರು. 1966ರಲ್ಲಿ ಪಂಡಿತ್ ರವಿಶಂಕರರಲ್ಲಿ ಸಿತಾರ್ ಕಲಿಯಲು ಭಾರತಕ್ಕೆ ಬಂದವರು. 1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ರವಿಶಂಕರರೊಡನೆ ನ್ಯೂಯಾರ್ಕಿನಲ್ಲಿ ಕಚೇರಿ ಏರ್ಪಡಿಸಿ ಹೊಸ ಮೇಲ್ಪಂಕ್ತಿಯನ್ನು ಹಾಕಿದರು. 1974ರಲ್ಲಿ ಅವರು ಭಾರತೀಯ ಸಂಗೀತಗಾರರನ್ನೂ ಜೊತೆಗಿರಿಸಿಕೊಂಡು ಉತ್ತರ ಅಮೆರಿಕದಲ್ಲಿ ಪ್ರವಾಸ ಹೊರಟಾಗ ಪ್ರೇಕ್ಷಕರು ಹಳೆಯ ಹಾಡುಗಳನ್ನು ನಿರೀಕ್ಷಿಸಿದರು. ಹ್ಯಾರಿಸನ್ನರು ಅವುಗಳಲ್ಲಿ ಕೆಲವನ್ನು ಮಾತ್ರ ಹಾಡಿದರು. ಅವುಗಳ ಮಾತುಗಳನ್ನೂ ಅಲ್ಲಲ್ಲಿ ಬದಲಿಸಿದರು. ಪತ್ರಿಕೆಗಳು ಇದನ್ನು ಮೆಚ್ಚಲಿಲ್ಲ. ಬೀಟಲ್ಸ್ ಎಂಬ ಅಂಗಿ ತಮಗೆ ಬಿಗಿಯಾಯಿತೆಂದು ಅವರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ತಂಡದಲ್ಲಿ ಅವರ ರಚನೆಗಳಿಗೆ ದೊರೆಯುತ್ತಿದ್ದ ಜಾಗ ಕಡಮೆ. ತಂಡ ಒಡೆದ ವರ್ಷವೇ ಅವರು ಮೂರು ತಟ್ಟೆಗಳ ಧ್ವನಿಮುದ್ರಿಕೆಯನ್ನು ಹೊರತಂದುದೇ ಇದಕ್ಕೆ ಸಾಕ್ಷಿ. ತೇಮ್ಸ್ ದಡದ ಹೆನ್ಲಿ ಎಂಬ ಊರಿನಲ್ಲಿ ಹಳೆಯ ಬಂಗಲೆಯೊಂದನ್ನು ಕೊಂಡು, ಪಾಳುಬಿದ್ದಿದ್ದ ಅದರ ತೋಟವನ್ನು ತಮ್ಮ ಕೈಯಾರೆ ಚಿಗುರಿಸಿದರು. ತೋಟಗಾರನಿಗೆ ನಿನ್ನೆಯ ಹೂವಿಗಿಂತ ನಾಳೆಯ ಮೊಗ್ಗು ಹೆಚ್ಚು.

ಮೆಕಾರ್ಟ್ನಿಯವರೂ ಮೊದಲು ಇದೇ ದಾರಿಯನ್ನು ಹಿಡಿದಿದ್ದರು. 1972ರಲ್ಲಿ ತಮ್ಮ ಹೊಸ ತಂಡದೊಡನೆ ಯಾವ ಪ್ರಚಾರವೂ ಇಲ್ಲದೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಹೋಗಿ ಹಾಡಿದಾಗ ಬೀಟಲ್ಸ್ ತಂಡದ ಒಂದು ಹಾಡನ್ನೂ ಅವರು ಎತ್ತಿಕೊಳ್ಳಲಿಲ್ಲ. ಹೊಸ ತಂಡ ತನ್ನ ಕಾಲಿನ ಮೇಲೆ ತಾನು ನಿಲ್ಲಬೇಕೆಂಬುದು ಅವರ ಹಟ. ಅದು ಹಾಗೆ ನಿಂತ ಮೇಲೆ ಹಟ ಸಡಿಲವಾಯಿತು. 1976ರ ಅಮೆರಿಕ ಪ್ರವಾಸದಲ್ಲಿ ಹಳೆಯ ಹಾಡುಗಳು ಕೆಲವು ಇಣುಕಿದವು. 1989ರಲ್ಲಿ ಆರಂಭವಾದ ವಿಶ್ವಪ್ರವಾಸದಲ್ಲಿ ಅವು ಧಾರಾಳವಾಗಿ ಹರಿದವು. 2021ರಲ್ಲಿ ಅವರು 154 ಹಾಡುಗಳನ್ನು ಆಯ್ದು, ಪ್ರತಿಯೊಂದೂ ಹುಟ್ಟಿದ ಬಗೆಯನ್ನು ವಿವರಿಸುವ ಗ್ರಂಥವನ್ನೇ ಪ್ರಕಟಿಸಿದರು. ಈ ಬದಲಾವಣೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ವರ್ತಮಾನದಲ್ಲಿ ನೆಲೆ ಕಂಡುಕೊಂಡವನಿಗೆ ಭೂತಕಾಲದ ಭಯ ಇರುವುದಿಲ್ಲ. ನೆಲೆ ಸಿಗುವ ಮೊದಲೇ ಹಿಂದಿನದನ್ನು ಕೇಳಿದರೆ ಅದು ಹೊಗಳಿಕೆಯಾಗಿ ಕೇಳಿಸದೆ ಹೀಯಾಳಿಕೆಯಾಗಿ ಕೇಳಿಸುತ್ತದೆ. ಅಂದರೆ ಪ್ರಶ್ನೆಯ ಹಿತಾಹಿತಗಳು ಅದನ್ನು ಕೇಳುವ ಕಾಲವನ್ನೂ ಅವಲಂಬಿಸಿವೆ.

ಕೀರ್ತಿ ಪಡೆದವರ ಮಾತು ಹೀಗಾದರೆ, ಕೀರ್ತಿ ಬಾಗಿಲಿಗೆ ಬರುವ ಹೊತ್ತಿಗೆ ಹೊರಗೆ ನಿಂತವರ ಗತಿ ಏನು? ರಿಂಗೊ ಸ್ಟಾರ್ ಬರುವ ಮೊದಲು ಎರಡು ವರ್ಷಗಳ ಕಾಲ ತಂಡದ ಡ್ರಮ್ ವಾದಕರಾಗಿದ್ದವರು ಪೀಟ್ ಬೆಸ್ಟ್. 1962ರ ಆಗಸ್ಟ್ 16ರಂದು ಅವರನ್ನು ತಂಡದಿಂದ ಕೈಬಿಡಲಾಯಿತು. ಏಳೇ ವಾರಗಳ ಬಳಿಕ ತಂಡದ ಮೊದಲ ಧ್ವನಿಮುದ್ರಿಕೆ ಮಾರುಕಟ್ಟೆಗೆ ಬಂದಿತು. ಮುಂದೆ ಅವರು ಲಿವರ್‌ಪೂಲಿನಲ್ಲಿಯೇ ಸುಮಾರು ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿ ಸಂಸಾರವನ್ನು ನಡೆಸಿದರು. ‘ನಿಮ್ಮನ್ನು ಏಕೆ ಬಿಟ್ಟರು?’ ಎಂಬ ಪ್ರಶ್ನೆ ಎಷ್ಟು ಬಾರಿ ಅವರ ಕಿವಿಗೆ ಬಿದ್ದಿರಬಹುದು! ಗಾಯವನ್ನು ಮುಟ್ಟಿ ನೋಡುವವನಿಗೆ ಅದು ಕುತೂಹಲ. ಗಾಯಗೊಂಡವನಿಗೆ ಅದು ನೋವು. ಆದರೂ ಅವರು ಶಾಶ್ವತವಾಗಿ ಮುಖ ಮರೆಸಿಕೊಳ್ಳಲಿಲ್ಲ. 1988ರಲ್ಲಿ ಲಿವರ್‌ಪೂಲಿನಲ್ಲಿ ನಡೆದ ಅಭಿಮಾನಿಗಳ ಸಮ್ಮೇಳನದಲ್ಲಿ ಅವರು ಮತ್ತೆ ಡ್ರಮ್ಮಿನ ಮುಂದೆ ಕುಳಿತರು. ಬಳಿಕ ತಮ್ಮದೇ ತಂಡವನ್ನು ಕಟ್ಟಿಕೊಂಡು ದೇಶದೇಶಗಳಲ್ಲಿ ನುಡಿಸಿದರು. 1995ರಲ್ಲಿ ತಂಡದ ಆರಂಭಕಾಲದ ಮುದ್ರಣಗಳು ಹೊರಬಂದಾಗ, ಅವರು ನುಡಿಸಿದ ಹಾಡುಗಳೂ ಅವುಗಳಲ್ಲಿ ಸೇರಿದ್ದವು. ಅವರಿಗೆ ಸಲ್ಲಬೇಕಾದ ಗೌರವಧನವೂ ಸಂದಿತು. ಮೂವತ್ತಮೂರು ವರ್ಷಗಳ ಬಳಿಕ ಆ ಹೆಸರಿಗೆ ತಕ್ಕ ಸ್ಥಾನ ದೊರೆಯಿತು. ಅಭಿಮಾನಿಗಳು ಅವರ ವಿಷಯವನ್ನು ಕೇಳುತ್ತಲೇ ಇರದಿದ್ದರೆ ಆ ಹೆಸರು ಎಂದೋ ಅಳಿಸಿಹೋಗಬಹುದಾಗಿತ್ತು. ನೋಯಿಸಿದ ಪ್ರಶ್ನೆಯೇ ಮರೆವಿನಿಂದ ಕಾಪಾಡಿತೆಂಬುದು ಇಲ್ಲಿನ ವೈಚಿತ್ರ್ಯ.

ಪ್ರಶ್ನೆಗಳನ್ನು ಸ್ವಾಗತಿಸಬೇಕೆನ್ನುವವರ ವಾದಕ್ಕೆ ಇನ್ನೂ ಬಲವಾದ ಆಧಾರಗಳಿವೆ. ಮೊದಲನೆಯದು ಋಣದ ಮಾತು. ಹಳೆಯ ಹಾಡುಗಳಿಂದ ಬರುವ ಸಂಭಾವನೆ ಬೇಕು, ಅವುಗಳನ್ನು ಕುರಿತ ಮಾತು ಬೇಡ ಎಂದರೆ, ಅದು ‘ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆಯಂತಾಗುತ್ತದೆ ಎಂದು ಅವರು ಹೇಳುತ್ತಾರೆ. ಎರಡನೆಯದು ಇತಿಹಾಸದ ಮಾತು. ತಂಡದಲ್ಲಿದ್ದವರು ತಾವು ಬಲ್ಲುದನ್ನು ಹೇಳದೆ ಹೋದರೆ ಅದು ಅವರೊಡನೆಯೇ ಹೋಗುತ್ತದೆ. 1980ರ ಶರತ್ಕಾಲದಲ್ಲಿ ಲೆನನ್ನರು ಐದು ವರ್ಷಗಳ ಮೌನವನ್ನು ಮುರಿದು ಪತ್ರಕರ್ತರೊಡನೆ ದೀರ್ಘವಾಗಿ ಮಾತನಾಡಿದರು. ಒಂದೊಂದು ಹಾಡನ್ನೂ ಎತ್ತಿಕೊಂಡು ಅದರಲ್ಲಿ ಯಾರ ಪಾಲು ಎಷ್ಟೆಂದು ವಿವರಿಸಿದರು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ‘ಇನ್ ಮೈ ಲೈಫ್’ ಎಂಬ ಹಾಡಿನ ಧಾಟಿ ಯಾರದು ಎಂಬ ವಿಷಯದಲ್ಲಿ ಅವರ ನೆನಪಿಗೂ ಮೆಕಾರ್ಟ್ನಿಯವರ ನೆನಪಿಗೂ ಹೊಂದಾಣಿಕೆಯಿಲ್ಲ. ಆದರೆ ಅಂದು ಯಾರೋ ಕೇಳಿದುದರಿಂದಲೇ ಇಬ್ಬರ ಸಾಕ್ಷ್ಯವೂ ಇಂದಿಗೆ ಉಳಿದಿದೆ. ಕೇಳದೆ ಇದ್ದಿದ್ದರೆ ಒಬ್ಬರ ನೆನಪೇ ಚರಿತ್ರೆಯಾಗಿ ನಿಲ್ಲುತ್ತಿತ್ತು.

ಸಾಕ್ಷ್ಯಗಳನ್ನು ಪರಿಶೀಲಿಸದೆ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಇದೇ ಇತಿಹಾಸದಲ್ಲಿ ಉದಾಹರಣೆಯಿದೆ. 1969ರ ಜನವರಿಯಲ್ಲಿ ತಂಡದ ಅಭ್ಯಾಸವನ್ನು ಚಿತ್ರೀಕರಿಸಿ, ಅದರಿಂದ 1970ರಲ್ಲಿ ಒಂದು ಚಲನಚಿತ್ರವನ್ನು ಹೊರತಂದರು. ಒಡಕಿನ ಸುದ್ದಿಯ ಜೊತೆಯಲ್ಲಿಯೇ ಬಂದ ಆ ಚಿತ್ರವನ್ನು ನೋಡಿದವರಿಗೆ ಆ ದಿನಗಳೆಲ್ಲ ಕಲಹವೇ ಎಂಬ ಭಾವನೆ ಬೇರೂರಿತು. ಅಂದು ತೆಗೆದ ಸುಮಾರು 60 ಗಂಟೆಗಳ ಚಿತ್ರಸುರುಳಿಗಳನ್ನು ನಿರ್ದೇಶಕ ಪೀಟರ್ ಜ್ಯಾಕ್ಸನ್ ಮತ್ತೆ ಪರಿಶೀಲಿಸಿ 2021ರಲ್ಲಿ ದೀರ್ಘ ಚಿತ್ರವೊಂದನ್ನು ಸಿದ್ಧಪಡಿಸಿದಾಗ ಬೇರೆಯ ನೋಟವೂ ಕಂಡಿತು. ಮುನಿಸು ಇದ್ದುದು ನಿಜ. ನಡುವೆ ಹ್ಯಾರಿಸನ್ನರು ಕೆಲವು ದಿನ ತಂಡವನ್ನು ಬಿಟ್ಟು ಹೋದುದೂ ನಿಜ. ಆದರೆ ನಗೆ, ಚೇಷ್ಟೆ, ಒಬ್ಬರ ಹಾಡನ್ನು ಇನ್ನೊಬ್ಬರು ತಿದ್ದಿ ತೀಡುವ ಸ್ನೇಹ, ಇವೂ ಅಷ್ಟೇ ನಿಜವಾಗಿದ್ದವು. ಮತ್ತೆ ಮತ್ತೆ ಕೇಳಿ ನೋಡುವ ಮನಸ್ಸಿಲ್ಲದಿದ್ದರೆ ಅರ್ಧಸತ್ಯವೇ ಪೂರ್ಣಸತ್ಯವಾಗಿ ಉಳಿಯುತ್ತಿತ್ತು.

ಇಷ್ಟಾದರೂ ಬಾಗಿಲು ಮುಚ್ಚಿದವರನ್ನು ಅಹಂಕಾರಿಗಳೆಂದು ಜರೆಯುವುದು ನ್ಯಾಯವಲ್ಲ. 1980ರ ಡಿಸೆಂಬರ್ 8ರ ಸಂಜೆ ನ್ಯೂಯಾರ್ಕಿನ ತಮ್ಮ ಮನೆಯ ಮುಂದೆ ಕಾದಿದ್ದ ಒಬ್ಬನಿಗೆ ಲೆನನ್ನರು ತಮ್ಮ ಹೊಸ ಧ್ವನಿಮುದ್ರಿಕೆಯ ಮೇಲೆ ಸಹಿ ಹಾಕಿಕೊಟ್ಟರು. ಅದೇ ರಾತ್ರಿ, ಅದೇ ಸ್ಥಳದಲ್ಲಿ, ಅದೇ ಮನುಷ್ಯ ಅವರನ್ನು ಗುಂಡಿಟ್ಟು ಕೊಂದ. 1999ರ ಡಿಸೆಂಬರ್ 30ರಂದು ಹ್ಯಾರಿಸನ್ನರ ಮನೆಗೆ ನುಗ್ಗಿದ ಒಬ್ಬನು ಅವರನ್ನು ಚೂರಿಯಿಂದ ಇರಿದ. ಅವರ ಪತ್ನಿ ಧೈರ್ಯದಿಂದ ಎದುರಿಸದಿದ್ದರೆ ಅವರು ಉಳಿಯುವುದು ಕಷ್ಟವಿತ್ತು. ಲಕ್ಷಾಂತರ ಅಭಿಮಾನಿಗಳು ನಿರಪರಾಧಿಗಳೆಂಬುದು ದಿಟ. ಆದರೆ ಬಾಗಿಲು ತಟ್ಟುವ ಸದ್ದಿನಿಂದ ಬಂದವನ ಮನಸ್ಸು ತಿಳಿಯುವುದಿಲ್ಲ. ಹೀಗಿರುವಾಗ ಬಾಗಿಲನ್ನು ತೆರೆಯದಿರುವುದು ಅಹಂಕಾರವಲ್ಲ, ಎಚ್ಚರಿಕೆ.

ಅಪಾಯದ ಮಾತನ್ನು ಬಿಟ್ಟರೂ ಕಾಲದ ಮಾತು ಉಳಿಯುತ್ತದೆ. 2008ರ ಅಕ್ಟೋಬರಿನಲ್ಲಿ ಅರವತ್ತೆಂಟು ವರ್ಷದ ರಿಂಗೊ ಸ್ಟಾರ್, ಆ ತಿಂಗಳ 20ರ ಬಳಿಕ ಬರುವ ಅಭಿಮಾನಿಗಳ ಪತ್ರಗಳನ್ನು ನೋಡುವುದಿಲ್ಲವೆಂದೂ, ಯಾವ ವಸ್ತುವಿಗೂ ಸಹಿ ಹಾಕಿ ಕಳುಹಿಸುವುದಿಲ್ಲವೆಂದೂ ಸಾರಿದರು. ತಮಗೆ ಮಾಡಬೇಕಾದ ಕೆಲಸ ಬಹಳವಿದೆ ಎಂಬುದು ಅವರು ಕೊಟ್ಟ ಕಾರಣ. ಅನೇಕರು ಇದರಿಂದ ನೊಂದುಕೊಂಡರು. ಆದರೆ ಅದೇ ಸ್ಟಾರ್ 1989ರಿಂದ ತಾವು ಕಟ್ಟಿದ ತಂಡಗಳೊಡನೆ ವೇದಿಕೆಯನ್ನೇರಿ, ಬೀಟಲ್ಸ್ ಕಾಲದ ತಮ್ಮ ಹಾಡುಗಳನ್ನು ಸಂತೋಷದಿಂದ ಹಾಡುತ್ತ ಬಂದವರು. ಅವರು ನಿರಾಕರಿಸಿದುದು ತಮ್ಮ ಹಿಂದಿನ ದಿನಗಳನ್ನಲ್ಲ. ತಮ್ಮ ಮುಂದಿನ ದಿನಗಳನ್ನು ಅಂಚೆಯ ಚೀಲಕ್ಕೆ ಒಪ್ಪಿಸುವುದನ್ನು. ವೇದಿಕೆಯ ಮೇಲೆ ಕೊಡುವುದು ಇದು, ಮನೆಯ ಬಾಗಿಲಲ್ಲಿ ಕೊಡುವುದು ಇಲ್ಲ ಎಂದು ಗೆರೆ ಎಳೆಯುವ ಅಧಿಕಾರ ಪ್ರತಿಯೊಬ್ಬ ಕಲಾವಿದನಿಗೂ ಇರಬೇಕು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಒಂದೇ ಪ್ರಶ್ನೆಯನ್ನು ನೂರು ಬಾರಿ ಕೇಳಿದರೆ ಒಂದೇ ಉತ್ತರ ನೂರು ಬಾರಿ ಬರುತ್ತದೆ. ಹೇಳಿ ಹೇಳಿ ನಯವಾದ ಕಥೆ ಕೊನೆಗೆ ಹೊಳೆಯ ದಡದ ಉರುಟುಗಲ್ಲಿನಂತೆ ಆಗುತ್ತದೆ. ನುಣುಪು ಉಳಿಯುತ್ತದೆ, ಮೂಲದ ಮೂಲೆಮೊನೆಗಳು ಸವೆದುಹೋಗುತ್ತವೆ. ಆಗ ಹೇಳುವವನಿಗೆ ನೆನಪಿರುವುದು ನಡೆದ ಘಟನೆಯಲ್ಲ, ತಾನು ಹಿಂದೆ ಹೇಳಿದ ಮಾತು. ‘ಕೀರ್ತಿ ಬಂದಾಗ ಹೇಗನ್ನಿಸಿತು?’ ಎಂಬ ಪ್ರಶ್ನೆ ಇಂಥ ಸವೆದ ಉತ್ತರವನ್ನೇ ತರುತ್ತದೆ. ಅದಕ್ಕೆ ಬದಲಾಗಿ, ‘ಆ ಹಾಡಿನ ನಡುವೆ ಲಯವನ್ನು ಬದಲಿಸಿದುದು ಏಕೆ?’, ‘ಆ ಸ್ವರವನ್ನು ನಿಮಗೆ ತೋರಿಸಿಕೊಟ್ಟವರು ಯಾರು?’ ಎಂದು ಕೇಳಿದರೆ ಮನಸ್ಸು ನಿಜವಾಗಿ ಹಿಂದಕ್ಕೆ ಹೋಗಿ ಹುಡುಕುತ್ತದೆ. ಮೊದಲ ಪ್ರಶ್ನೆ ಕೀರ್ತಿಯನ್ನು ಕುರಿತದ್ದು. ಎರಡನೆಯ ಬಗೆಯದು ಕೆಲಸವನ್ನು ಕುರಿತದ್ದು. ಕೆಲಸವನ್ನು ಕುರಿತ ಪ್ರಶ್ನೆ ಕಲಾವಿದನನ್ನು ಮನುಷ್ಯನನ್ನಾಗಿ ಗೌರವಿಸುತ್ತದೆ. ಕೀರ್ತಿಯನ್ನು ಕುರಿತ ಪ್ರಶ್ನೆ ಅವನನ್ನು ಪ್ರದರ್ಶನದ ವಸ್ತುವನ್ನಾಗಿ ನೋಡುತ್ತದೆ.

ಹಳೆಯ ದಿನಗಳನ್ನು ಕುರಿತ ಪ್ರಶ್ನೆ ಕೇವಲ ಅಭಿಮಾನಿಗಳದು ಎಂದು ತಿಳಿಯುವುದೂ ತಪ್ಪು. ಅದು ಕಾಲಕ್ರಮದಲ್ಲಿ ಕಲಾವಿದನ ಸ್ವಂತ ಪ್ರಶ್ನೆಯೂ ಆಗುತ್ತದೆ. ಹಿಂದಿನದರಿಂದ ದೂರ ಸರಿದಿದ್ದ ಹ್ಯಾರಿಸನ್ನರೇ 1987ರಲ್ಲಿ ಆ ದಿನಗಳನ್ನು ನಗೆಬೆರೆತ ಪ್ರೀತಿಯಿಂದ ನೆನೆಯುವ ಹಾಡೊಂದನ್ನು ಹೊರತಂದರು. 1995ರಲ್ಲಿ ಮೂವರೂ ಕೂಡಿ ತಮ್ಮ ತಂಡದ ಕಥೆಯನ್ನು ತಮ್ಮ ಬಾಯಿಂದಲೇ ದೂರದರ್ಶನದಲ್ಲಿ ಹೇಳಿದರು. ಅದೇ ವರ್ಷ ಅವರು ಲೆನನ್ನರು 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಹಾಡಿ ಕ್ಯಾಸೆಟ್ಟಿನಲ್ಲಿ ಮುದ್ರಿಸಿದ್ದ ಹಾಡೊಂದನ್ನು ಪೂರ್ಣಗೊಳಿಸಲು ಯತ್ನಿಸಿ, ಮುದ್ರಣ ಸ್ಪಷ್ಟವಿಲ್ಲದುದರಿಂದ ಕೈಬಿಟ್ಟಿದ್ದರು. 2001ರಲ್ಲಿ ಹ್ಯಾರಿಸನ್ನರು ಕಾಲವಾದರು. 2023ರ ನವೆಂಬರ್ 2ರಂದು, ಹೊಸ ತಂತ್ರಜ್ಞಾನದಿಂದ ಬೇರ್ಪಡಿಸಿದ ಲೆನನ್ನರ ಕಂಠ, 1995ರಲ್ಲಿ ಮುದ್ರಿಸಿದ್ದ ಹ್ಯಾರಿಸನ್ನರ ಗಿಟಾರ್, ಉಳಿದ ಇಬ್ಬರ ಹಾಡು ಮತ್ತು ವಾದನ ಇವೆಲ್ಲ ಕೂಡಿ ಆ ಹಾಡು ಹೊರಬಂದಿತು. ಐವತ್ತಮೂರು ವರ್ಷಗಳ ಹಿಂದೆ ಒಡೆದ ತಂಡದ ಬಾಕಿಯೊಂದನ್ನು ತೀರಿಸಬೇಕೆಂದು ಎಂಬತ್ತು ದಾಟಿದ ಇಬ್ಬರಿಗೆ ಅನ್ನಿಸಿತು. ಅಭಿಮಾನಿಗಳ ಒತ್ತಾಯಕ್ಕೆ ಮಣಿಯದೆ ಇದ್ದ ಮನಸ್ಸು ತನ್ನ ಒಳಗಿನ ಕರೆಗೆ ಓಗೊಟ್ಟಿತು.

ಈ ಎಲ್ಲ ಸಂಗತಿಗಳನ್ನು ತೂಗಿನೋಡಿದಾಗ ಒಂದು ತೀರ್ಮಾನಕ್ಕೆ ಬರಬಹುದು. ಹಳೆಯ ಕೀರ್ತಿಯನ್ನು ಕುರಿತ ಪ್ರಶ್ನೆಗಳನ್ನು ಕಲಾವಿದ ಸ್ವಾಗತಿಸಿದರೆ ಅದು ಔದಾರ್ಯ. ಆದರೆ ಅದನ್ನು ಸಾಲದಂತೆ ಅವನಿಂದ ವಸೂಲು ಮಾಡಲು ಯಾರಿಗೂ ಹಕ್ಕಿಲ್ಲ. ಹಾಡಿನ ಬೆಲೆಯನ್ನು ಕೊಟ್ಟು ಕೊಂಡವನು ಹಾಡನ್ನು ಕೊಂಡಿದ್ದಾನೆ; ಹಾಡಿದವನನ್ನು ಕೊಂಡಿಲ್ಲ. ಇತ್ತ ಕಲಾವಿದನೂ ಎಲ್ಲ ಪ್ರಶ್ನೆಗಳನ್ನೂ ಶತ್ರುವೆಂದು ಭಾವಿಸಬೇಕಾಗಿಲ್ಲ. ತಾನು ಮರೆಯಬಯಸುವ ಹಾಡು ಬೇರೊಬ್ಬರ ಬಾಳಿನಲ್ಲಿ ಇನ್ನೂ ಹಾಡುತ್ತಿರಬಹುದು. ಸಮಯವೂ ಶಕ್ತಿಯೂ ಇರುವಾಗ ತಾನು ಬಲ್ಲ ಸತ್ಯವನ್ನು ಒಮ್ಮೆಯಾದರೂ ನೆಟ್ಟಗೆ ಹೇಳಿಡುವುದು ಮುಂದಿನವರಿಗೆ ಅವನು ಮಾಡುವ ಉಪಕಾರ. ಕೇಳುವವರಿಗೂ ಒಂದು ಶಿಸ್ತು ಅವಶ್ಯ: ಕೇಳುವ ಮೊದಲು ತಿಳಿದುಕೊಂಡಿರಬೇಕು, ಕಾಲವನ್ನರಿತು ಕೇಳಬೇಕು, ಗಾಯವನ್ನು ಕೆದಕದಂತೆ ಕೇಳಬೇಕು. ‘ಇಲ್ಲ’ ಎಂಬುದೂ ಒಂದು ಉತ್ತರವೆಂದು ಒಪ್ಪಿ, ಹಾಡನ್ನು ನೆನೆಯುತ್ತ ಹಿಂದಿರುಗುವವನೇ ನಿಜವಾದ ಅಭಿಮಾನಿ.

ಅಭ್ಯಾಸ

ಪದಗಳ ಅರ್ಥ:
ಇಕ್ಕಟ್ಟು – ತೊಡಕು, ಸಂಕಟ. ನಿದರ್ಶನ – ಉದಾಹರಣೆ. ವಿಪರ್ಯಾಸ – ಬುಡಮೇಲಾದ ಸ್ಥಿತಿ. ದಾವೆ – ನ್ಯಾಯಾಲಯದ ಮೊಕದ್ದಮೆ. ಮೇಲ್ಪಂಕ್ತಿ – ಮಾದರಿ. ಜರೆ – ನಿಂದಿಸು. ಉರುಟುಗಲ್ಲು – ಗುಂಡಗಿನ ಕಲ್ಲು. ಓಗೊಡು – ಕರೆಗೆ ಉತ್ತರ ಕೊಡು. ಔದಾರ್ಯ – ಧಾರಾಳ ಮನಸ್ಸು.

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಬೀಟಲ್ಸ್ ತಂಡದವರು ಯಾವ ಪಟ್ಟಣದವರು?
2. ತಂಡದವರು 1966ರಲ್ಲಿ ಕಚೇರಿಗಳನ್ನು ಏಕೆ ನಿಲ್ಲಿಸಿದರು?
3. ಹ್ಯಾರಿಸನ್ನರು ಯಾರಲ್ಲಿ ಸಿತಾರ್ ಕಲಿತರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ‘ನೋಯಿಸಿದ ಪ್ರಶ್ನೆಯೇ ಮರೆವಿನಿಂದ ಕಾಪಾಡಿತು.’ ಪೀಟ್ ಬೆಸ್ಟ್ ಅವರ ವಿಷಯದಲ್ಲಿ ಈ ಮಾತು ಹೇಗೆ ನಿಜ?
2. ಕೀರ್ತಿಯನ್ನು ಕುರಿತ ಪ್ರಶ್ನೆಗೂ ಕೆಲಸವನ್ನು ಕುರಿತ ಪ್ರಶ್ನೆಗೂ ಇರುವ ವ್ಯತ್ಯಾಸವೇನು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ:
1. ಅಭಿಮಾನಿಗಳ ಪ್ರಶ್ನೆಗಳನ್ನು ಸ್ವಾಗತಿಸಬೇಕೆಂಬ ವಾದಕ್ಕೆ ಇರುವ ಆಧಾರಗಳನ್ನು ವಿವರಿಸಿರಿ.
2. ಬಾಗಿಲು ಮುಚ್ಚಿಕೊಂಡ ಕಲಾವಿದರನ್ನು ಜರೆಯುವುದು ಏಕೆ ನ್ಯಾಯವಲ್ಲ?

ಈ) ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ:
ಹಿತಾಹಿತ, ವಿದ್ಯಾಲಯ, ಕಾಲವನ್ನರಿತು, ಮೂಲೆಯಲ್ಲಿ.

ಉ) ನಿಮ್ಮ ಊರಿನ ಹಿರಿಯ ಕಲಾವಿದರೊಬ್ಬರನ್ನು ಭೇಟಿಮಾಡುವ ಸಂದರ್ಭ ಬಂದರೆ, ಅವರ ಕೆಲಸವನ್ನು ಕುರಿತು ಕೇಳಬಹುದಾದ ಐದು ಪ್ರಶ್ನೆಗಳನ್ನು ಬರೆಯಿರಿ.